ಪ್ಯಾಕಿಂಗ್ ಕೆಲಸವೂ ಭಾರದ ಕೆಲಸವೇ
(ರೋಗಿಗಳಿಗೂ ಅವರ ಬಂಧುಗಳಿಗೂ ನೀಡಿದ ಆರೋಗ್ಯ ತಿಳಿವಳಿಕೆ ಭಾಷಣ)



ಬೆನ್ನುನೋವೆಂದು ಬಂದವರನ್ನು "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರೆ, "ಭಾರದ ಕೆಲಸ ಏನಿಲ್ಲ ಸಿಸ್ಟರ್, ಬರೀ ಪ್ಯಾಕಿಂಗ್" ಎನ್ನುತ್ತಾರೆ. ಆ 'ಬರೀ' ಎಂಬುದರ ತೂಕ ಎಷ್ಟೆಂದು ಇಂದು ನೋಡೋಣ.

ಭದ್ರಾವತಿಗೆ ಈ ಕೆಲಸ ಹೊಸದಲ್ಲ. 1936ರಲ್ಲಿ ಸ್ಥಾಪನೆಯಾದ ಎಂ.ಪಿ.ಎಂ. ಕಾಗದ ಕಾರ್ಖಾನೆಯಿಂದಾಗಿ 500 ಹಾಳೆಗೆ ಒಂದು ರೀಮು ಎಂಬ ಲೆಕ್ಕ ನಮ್ಮ ಊರಿಗೆ ಪರಿಚಿತ. 2015ರಲ್ಲಿ ಅಲ್ಲಿ ಉತ್ಪಾದನೆ ನಿಂತಿತು. ಈಗ ನಮ್ಮ ಅಕ್ಕತಂಗಿಯರು, ಅಣ್ಣತಮ್ಮಂದಿರು ಮಾಚೇನಹಳ್ಳಿಯ ಕಾರ್ಖಾನೆಗಳಿಗೆ, ಗೋದಾಮುಗಳಿಗೆ ಹೋಗುತ್ತಾರೆ.

ಆ ರೀಮಿನ ಲೆಕ್ಕವನ್ನೇ ಹಿಡಿಯೋಣ. ಎ4 ಅಳತೆಯ ಸಾಮಾನ್ಯ ಕಾಗದದ ಒಂದು ರೀಮು ಸುಮಾರು 2.3 ಕಿಲೋ. ಹಗುರವೇ. ಹತ್ತು ರೀಮಿನ ಪೆಟ್ಟಿಗೆ 23 ಕಿಲೋ. ಒಂದು ಪಾಳಿಯಲ್ಲಿ ಅಂಥ 100 ಪೆಟ್ಟಿಗೆ ಎತ್ತಿಟ್ಟರೆ 2,300 ಕಿಲೋ, ಅಂದರೆ ಎರಡು ಟನ್ನಿಗೂ ಹೆಚ್ಚು! ಅಮೆರಿಕದ ನಿಯೋಶ್ ಎಂಬ ಸರ್ಕಾರಿ ಸಂಸ್ಥೆಯು 1991ರಲ್ಲಿ ಪರಿಷ್ಕರಿಸಿದ ಸೂತ್ರದಲ್ಲಿ, ಎಲ್ಲ ಅನುಕೂಲವಿದ್ದಾಗ ಎತ್ತಬಹುದಾದ ಮಿತಿಯೇ 23 ಕಿಲೋ. ನೆಲದಿಂದ ಎತ್ತಿದರೆ, ಮೈಯಿಂದ ದೂರ ಹಿಡಿದರೆ, ಸೊಂಟ ತಿರುಚಿದರೆ, ಪದೇ ಪದೇ ಎತ್ತಿದರೆ ಮಿತಿ ಇನ್ನೂ ಕಡಿಮೆ.

ನಮ್ಮ ಬೆನ್ನುಮೂಳೆಗಳ ನಡುವೆ ಮೆತ್ತೆಯಂಥ ಡಿಸ್ಕ್‌ಗಳಿವೆ. ಬಗ್ಗಿ, ತಿರುಚಿ ಭಾರ ಎತ್ತುವಾಗ ಅವುಗಳ ಮೇಲೆ ಒತ್ತಡ ಬೀಳುತ್ತದೆ. ಡಿಸ್ಕ್ ಉಬ್ಬಿ ನರವನ್ನು ಒತ್ತಿದರೆ ನೋವು ಕಾಲಿಗೂ ಇಳಿಯುತ್ತದೆ.

ಆದ್ದರಿಂದ ಹೀಗೆ ಮಾಡಿ:

1. ಪೆಟ್ಟಿಗೆಯನ್ನು ನೆಲದ ಮೇಲಿಡದೆ, ಸಾಧ್ಯವಾದಷ್ಟೂ ಸೊಂಟದೆತ್ತರದ ಮೇಜಿನ ಮೇಲಿಡಿ.
2. ಎತ್ತುವಾಗ ಮಂಡಿ ಮಡಿಸಿ, ಭಾರವನ್ನು ಹೊಟ್ಟೆಗೆ ಹತ್ತಿರ ಹಿಡಿಯಿರಿ.
3. ಸೊಂಟ ತಿರುಚಬೇಡಿ. ಪಾದ ಎತ್ತಿಟ್ಟು ಇಡೀ ಮೈ ತಿರುಗಿಸಿ.
4. ಭಾರ ಹೆಚ್ಚಿದ್ದರೆ ಇಬ್ಬರು ಹಿಡಿಯಿರಿ, ಇಲ್ಲವೇ ತಳ್ಳುಗಾಡಿ ಬಳಸಿ.
5. ಶೌಚಾಲಯಕ್ಕೆ ಹೋಗಬೇಕಾದೀತೆಂದು ನೀರು ಕುಡಿಯುವುದನ್ನು ಬಿಡಬೇಡಿ. ಮೂತ್ರದ ಸೋಂಕಿಗೆ ಇದೂ ಒಂದು ಕಾರಣ.

ರಾತ್ರಿ ಬೆರಳು ಜೋಮು ಹಿಡಿಯುತ್ತಿದ್ದರೆ ತೋರಿಸಿಕೊಳ್ಳಿ. ದಿನವಿಡೀ ಟೇಪು ಅಂಟಿಸುವ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಔಷಧಿ ಅಂಗಡಿಯ ನೋವಿನ ಮಾತ್ರೆಯನ್ನೇ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಹುಣ್ಣು ಆದೀತು, ಮೂತ್ರಪಿಂಡಕ್ಕೂ ತೊಂದರೆಯಾದೀತು.

ಬಂಧುಗಳೇ, ಈ ಮಾತು ನಿಮಗಾಗಿ. ಬೆನ್ನುನೋವಿರುವವರಿಗೆ ಕಾಲಿನ ಶಕ್ತಿ ಕುಂದಿದರೆ, ತೊಡೆಸಂದು ಮತ್ತು ಗುದದ ಸುತ್ತ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿದರೆ ಅಥವಾ ಮಲಮೂತ್ರ ಹಿಡಿತ ತಪ್ಪಿದರೆ ಬೆಳಗಾಗಲೆಂದು ಕಾಯಬೇಡಿ. ಕೂಡಲೇ ಕರೆತನ್ನಿ. ತಡವಾದರೆ ನರಕ್ಕೆ ಆದ ಹಾನಿ ಶಾಶ್ವತವಾಗಬಹುದು.

ನೋವಿದೆ ಎಂದರೆ ಕೆಲಸ ಹೋದೀತೆಂಬ ಭಯ ಹಲವರಿಗಿದೆ. ಸಂಬಳದ ಚೀಟಿಯಲ್ಲಿ ಇ.ಎಸ್.ಐ. ಕಡಿತವಿದೆಯೇ ನೋಡಿ. 2019ರ ಜುಲೈನಿಂದ ನೌಕರರ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25. ವಿಮೆ ಇದ್ದವರಿಗೆ ಚಿಕಿತ್ಸೆಯಲ್ಲದೆ, ವೈದ್ಯರು ಬರೆದುಕೊಟ್ಟ ರಜೆಗೆ ನಿಯಮದಂತೆ ಭತ್ಯೆಯೂ ಉಂಟು. ಗುತ್ತಿಗೆ ನೌಕರರೂ ಇದರ ವ್ಯಾಪ್ತಿಗೆ ಬರುತ್ತಾರೆ.

ಇನ್ನು ಮುಂದೆ ವೈದ್ಯರ ಬಳಿ "ಬರೀ ಪ್ಯಾಕಿಂಗ್" ಎನ್ನಬೇಡಿ. ಎಷ್ಟು ತೂಕ, ದಿನಕ್ಕೆ ಎಷ್ಟು ಸಲ, ನಿಂತೋ ಬಗ್ಗಿಯೋ ಎಂದು ಬಿಡಿಸಿ ಹೇಳಿ. ಚಿಕಿತ್ಸೆಗೆ ಅದೇ ಮೊದಲ ಸಹಾಯ.