ನಗರದ ನಡುವೆ ಇಪ್ಪತ್ತು ಎಕರೆ

ಅಮೆರಿಕದ ಸಿಯಾಟಲ್ ನಗರದಲ್ಲಿ, ಕಡಲಂಚಿನ ಫೋರ್ಟ್ ಲಾಟನ್ ಎಂಬ ಸೇನಾನೆಲೆಯ ಬಹುಭಾಗವನ್ನು ಸರಕಾರವು ಬಿಟ್ಟುಕೊಡಲು ಉದ್ಯುಕ್ತವಾದಾಗ, ಜೀವನೋಪಾಯವನ್ನರಸಿ ಬಂದು ಪೇಟೆಯಲ್ಲಿ ಚದುರಿಹೋಗಿದ್ದ ಮೂಲನಿವಾಸಿಗಳು, ಬರ್ನಿ ವೈಟ್‌ಬೇರ್ ಮೊದಲಾದವರ ನೇತೃತ್ವದಲ್ಲಿ, 1970ರ ಮಾರ್ಚ್ ತಿಂಗಳಲ್ಲಿ ಬೇಲಿಯನ್ನೇರಿ ಒಳಹೊಕ್ಕು, ಆ ಭೂಮಿಯ ಮೇಲೆ ತಮಗೆ ಹಕ್ಕುಂಟೆಂದು ಸಾರಿದರು. ಬಂಧನಗಳಾದುವು, ಸಂಧಾನಗಳು ನಡೆದುವು, ಕಡೆಗೆ 20 ಎಕರೆ ನೆಲವು 99 ವರ್ಷಗಳ ಗುತ್ತಿಗೆಗೆ ದೊರೆತು, 1977ರಲ್ಲಿ ಡೇಬ್ರೇಕ್ ಸ್ಟಾರ್ ಕಲಾಕೇಂದ್ರವು ತಲೆಯೆತ್ತಿತು, ಅದರ ವಿನ್ಯಾಸದಲ್ಲಿ ಬರ್ನಿಯವರ ಅಣ್ಣ, ಕಲಾವಿದ ಲಾನಿ ರೆಯಸ್ ಅವರ ಕೈಯಿದ್ದಿತು. ಬಾಡಿಗೆಯ ಸಭಾಭವನವೊಂದು ಸಾಲದಾಗಿತ್ತೇ ಎಂದು ಯಾರಾದರೂ ಕೇಳಿಯಾರು. ಆದರೆ ಸೀಡರ್ ಮರದ ತೊಗಟೆಯನ್ನು ಸುಲಿದು, ನೆನೆಸಿ, ಎಳೆಯೆಳೆಯಾಗಿ ಸೀಳಿ ಬುಟ್ಟಿ ಹೆಣೆಯುವ ಕೈಗಳಿಗೆ ಮರವೂ, ನಗಾರಿಯ ನಾದಕ್ಕೆ ಹೆಜ್ಜೆಯಿಡುವ ಕಾಲುಗಳಿಗೆ ಬಯಲೂ ಬೇಕೇಬೇಕೆಂದು ನಾನು ದೃಢವಾಗಿ ನಂಬುತ್ತೇನೆ. ಜುಲೈ ತಿಂಗಳ ಪೌವೌ ಉತ್ಸವಕ್ಕೆ ನಾನಾ ಬುಡಕಟ್ಟುಗಳವರು ಸೇರುವುದು ಆ ಬಯಲಿನಲ್ಲಿಯೇ.