ಬೆಳಕೆಂಬ ಔಷಧ

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬುದು ನಮ್ಮ ಗಾದೆ. ನವಜಾತ ಶಿಶುವಿನ ಕಾಮಾಲೆಯಲ್ಲಿ ಮಾತ್ರ ಕಾಣಬೇಕಾದ ಕಣ್ಣು ಶಿಶುವಿನದಲ್ಲ, ಸುತ್ತಲಿನವರದು. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಹಾಗೆ ಕಂಡ ಕಣ್ಣೊಂದರ ಕಥೆ ನನ್ನನ್ನು ಈ ವಿಷಯಕ್ಕೆ ಸೆಳೆಯಿತು.

1956ರ ಬೇಸಿಗೆ. ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ತಿಂಗಳು ತುಂಬದೆ ಹುಟ್ಟಿದ ಮಕ್ಕಳ ಉಸ್ತುವಾರಿ ಸಿಸ್ಟರ್ ವಾರ್ಡ್ ಎಂಬ ದಾದಿಯದು. ಹಸುಳೆಗಳನ್ನು ಎಳೆಬಿಸಿಲಿಗೆ ಒಯ್ಯುವುದು ಆಕೆಯ ವಾಡಿಕೆ. ಒಂದು ದಿನ ಆಕೆ ವೈದ್ಯರಿಗೆ ಒಂದು ಮಗುವನ್ನು ತೋರಿಸಿದರು. ಮೈಯೆಲ್ಲ ತಿಳಿಯಾಗಿತ್ತು, ಹೊದಿಕೆಯ ಮೂಲೆ ಮುಚ್ಚಿದ್ದ ತ್ರಿಕೋನಾಕಾರದ ಭಾಗ ಮಾತ್ರ ಹಳದಿ. ಅಲ್ಲಿ ಏನನ್ನು ಬಳಿದಿರಿ ಎಂದು ವೈದ್ಯರು ಕೇಳಿದರಂತೆ. ಅದು ಬಳಿದದ್ದಲ್ಲ, ಉಳಿದದ್ದು. ಮಿಕ್ಕ ಮೈಯ ಹಳದಿಯನ್ನು ಬಿಸಿಲು ಅಳಿಸಿತ್ತು. ಅಲ್ಲಿಂದ ಎರಡು ವರ್ಷಕ್ಕೆ, 1958ರಲ್ಲಿ, ಅದೇ ಆಸ್ಪತ್ರೆಯ ಡಾ. ಕ್ರೀಮರ್ ಮತ್ತು ಸಂಗಡಿಗರು ದೀಪದ ಬೆಳಕಿನಿಂದ ಮಾಡಿದ ಚಿಕಿತ್ಸೆಯ ಫಲವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಬೆಳಕು ಮಾಡುವುದಾದರೂ ಏನು? ಮಗುವಿನ ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ದ್ರವ್ಯ ಹುಟ್ಟುತ್ತದೆ. ಅದು ನೀರಿನಲ್ಲಿ ಕರಗದು. ಕರಗಿಸಿ ಹೊರಕಳುಹಬೇಕಾದ ಯಕೃತ್ತು ಇನ್ನೂ ಎಳೆಯದು. ಚರ್ಮದ ಮೇಲೆ ಬಿದ್ದ ನೀಲಿ ಬೆಳಕು ಮುಖ್ಯವಾಗಿ ಆ ಅಣುವಿನ ಆಕಾರವನ್ನು ಬದಲಿಸುತ್ತದೆ. ಅಕ್ಷರಗಳು ಅವೇ ಇದ್ದು ಜೋಡಣೆ ಬದಲಾದರೆ ಪದದ ನಡೆಯೇ ಬೇರೆಯಾಗುವುದಿಲ್ಲವೆ? ಹಾಗೆಯೇ ಇದು. ಹೊಸ ಆಕಾರದ ಅಣು ಪಿತ್ತರಸದಲ್ಲಿಯೂ ಮೂತ್ರದಲ್ಲಿಯೂ ಹೊರಟುಹೋಗುತ್ತದೆ.

ಇದಕ್ಕೆ ಮೈ ತೆರುವ ಬೆಲೆಯೂ ಉಂಟು. ಮಲ ತೆಳುವಾಗಬಹುದು, ನೀರಿನಂಶ ಇಳಿಯಬಹುದು, ಮೈಕಾವು ಏರುಪೇರಾಗಬಹುದು, ದದ್ದು ಏಳಬಹುದು. ಆದುದರಿಂದಲೇ ದೀಪದಡಿಯ ಮಗುವಿಗೆ ಕಣ್ಣುಪಟ್ಟಿ. ಮತ್ತೆ ಮತ್ತೆ ಹಾಲು.

ಬಹುಪಾಲು ಮಕ್ಕಳ ಕಾಮಾಲೆ ತಾನಾಗಿಯೇ ಇಳಿಯುತ್ತದೆ. ಮಿತಿಮೀರಿದರೆ ಮಾತ್ರ ಆ ಹಳದಿ ಮಿದುಳನ್ನು ಹೊಕ್ಕು ಕಿವಿಯನ್ನು, ಅಂಗಗಳ ಚಲನೆಯನ್ನು, ಕೆಲವೊಮ್ಮೆ ಪ್ರಾಣವನ್ನೇ ಕಸಿಯುತ್ತದೆ. ಹುಟ್ಟಿದ ಮೊದಲ ದಿನವೇ ಕಂಡ ಹಳದಿಯನ್ನಂತೂ ಕಡೆಗಣಿಸಲಾಗದು.

ಬಾಣಂತಿಯ ಕೋಣೆಯನ್ನು ಕತ್ತಲಾಗಿರಿಸುವುದು ನಮ್ಮ ಎಷ್ಟೋ ಮನೆಗಳ ಹಳೆಯ ರೂಢಿ. ಗಾಳಿ ಸೋಕದಿರಲಿ, ದೃಷ್ಟಿ ತಾಗದಿರಲಿ ಎಂಬ ವಾತ್ಸಲ್ಯ ಅದರ ಹಿಂದಿದೆ. ಆದರೆ ಮಬ್ಬಿನಲ್ಲಿ ಹಳದಿ ಕಾಣದು. ಅರಿಶಿನ ಹಚ್ಚಿದ ಮೈಯಲ್ಲಿ ಮೊದಲೇ ಕಾಣದು. ಕಂಡ ಮೇಲೆ, ಬಿಸಿಲಿಗೆ ಹಿಡಿದರಾಯಿತು ಎಂದು ದಿನ ಕಳೆಯುವುದೂ ಸಲ್ಲದು: ಬಿಸಿಲು ಎಳೆಚರ್ಮವನ್ನು ಸುಡಬಲ್ಲದು, ಅದನ್ನು ಅಳೆದು ಕೊಡುವುದು ಮನೆಯಲ್ಲಿ ಸಾಧ್ಯವಿಲ್ಲ. ರಕ್ತಪರೀಕ್ಷೆ, ದೀಪ ಎರಡೂ ವೈದ್ಯರ ಕೆಲಸ. ಮಗುವನ್ನು ಹಗಲಿನ ಬೆಳಕಿನಲ್ಲಿ ದಿನವೂ ಒಮ್ಮೆ ಕಣ್ಣಿಟ್ಟು ನೋಡುವುದು ನಮ್ಮ ಕೆಲಸ.