ಲಿಫ್ಟ್ ಕುಣಿದರೆ ಪಂಪಿನ ಮೇಲೆ ತಪ್ಪು ಹೊರಿಸಬೇಡಿ
(ಬೆಳ್ಳಿಹಬ್ಬದ ರೈತಗೋಷ್ಠಿಯಲ್ಲಿ ಸಂಘದ ಟ್ರ್ಯಾಕ್ಟರ್ ಬಾಡಿಗೆ ವಿಭಾಗದ ಪರವಾಗಿ ಮಾಡಿದ ಭಾಷಣ)



ಸಂಘದ ಸಾಧನೆಯನ್ನು ಹಿರಿಯರು ಆಗಲೇ ಹೇಳಿದ್ದಾರೆ. ನಾವು ನಮ್ಮದೊಂದು ತಪ್ಪು ಹೇಳಿಬಿಡ್ತೀವಿ.

ಒಂದು ಮುಂಗಾರಿನಲ್ಲಿ, ಹದಮಳೆ ಬಿದ್ದ ವಾರವೇ, ನಮ್ಮ ಟ್ರ್ಯಾಕ್ಟರಿನ ಹೈಡ್ರಾಲಿಕ್ ಲಿಫ್ಟ್ ಕೈಕೊಟ್ಟಿತು. ಲಿವರ್ ಎತ್ತಿದರೆ ಕಲ್ಟಿವೇಟರ್ ಒಂದು ಗೇಣು ಏಳೋದು, ನಿಲ್ಲೋದು, ಮತ್ತೆ ಜರ್ಕ್ ಹೊಡೆದು ಏಳೋದು. ಪಂಪಿನಿಂದ ಕುಂಯ್ ಅಂತ ಸದ್ದು. "ಪಂಪ್ ಹೋಗಿದೆ" ಅಂದರು ಮೆಕ್ಯಾನಿಕ್. ನಾವೂ ಹೂಂ ಅಂದೆವು. ಹೊಸ ಪಂಪ್ ಬಂತು, ಸದಸ್ಯರ ದುಡ್ಡು ಹೋಯ್ತು, ಕುಣಿತ ಮಾತ್ರ ಹೋಗಲಿಲ್ಲ. ಸರದಿಗಾಗಿ ಕಾದಿದ್ದವರು ಹೊರಗಿನ ಟ್ರ್ಯಾಕ್ಟರಿಗೆ ಹೆಚ್ಚು ಬಾಡಿಗೆ ತೆತ್ತು ಬಿತ್ತಿದರು.

ಕಡೆಗೆ ಸಿಕ್ಕಿದ್ದೇನು? ಪಂಪಿಗೆ ಎಣ್ಣೆ ಎಳೆಯುವ ಪೈಪಿನಲ್ಲಿ, ಫಿಲ್ಟರಿನ ಕಡೆಯ ಓ-ರಿಂಗ್ ಗಟ್ಟಿಯಾಗಿ ಸೀಳಿತ್ತು. ಅಲ್ಲಿ ಎಣ್ಣೆ ಹೊರಗೆ ತೊಟ್ಟಿಕ್ಕುತ್ತಿರಲಿಲ್ಲ, ಗಾಳಿ ಒಳಗೆ ಹೋಗುತ್ತಿತ್ತು. ಎಣ್ಣೆಯನ್ನು ಅದುಮಿದರೆ ಕುಗ್ಗೋದು ಬಹಳ ಕಡಿಮೆ. ಗಾಳಿಗುಳ್ಳೆ ಸ್ಪ್ರಿಂಗಿನ ಹಾಗೆ ಕುಗ್ಗಿ ಹಿಗ್ಗುತ್ತೆ. ಅದಕ್ಕೇ ಆ ಕುಣಿತ. ಮೊದಲ ದಿನವೇ ಡಿಪ್‌ಸ್ಟಿಕ್ ತೆಗೆದಿದ್ದರೆ ನೊರೆ ಕಾಣುತ್ತಿತ್ತು. ತೆಗೆಯಲಿಲ್ಲ.

ಈಗ ಸ್ಪ್ಯಾನರ್ ಮುಟ್ಟುವ ಮುನ್ನ ಎಣ್ಣೆ ನೋಡ್ತೀವಿ. ಮಟ್ಟ ಸರಿಯಿದೆಯೇ? ನೊರೆಯಿದ್ದರೆ ಗಾಳಿ, ಹಾಲು ಬೆರೆಸಿದಂತಿದ್ದರೆ ನೀರು. ಆಮೇಲೆ ಫಿಲ್ಟರ್, ಅದು ಕಟ್ಟಿಕೊಂಡರೂ ಪಂಪ್ ಹೀಗೇ ಅರಚುತ್ತೆ.

ಇನ್ನೊಂದು ಪರೀಕ್ಷೆ ಬಿಟ್ಟಿಯಾಗಿ ಆಗುತ್ತೆ. ಕಲ್ಟಿವೇಟರ್ ಎತ್ತಿ, ಇಂಜಿನ್ ಆಫ್ ಮಾಡಿ, ದೂರ ನಿಂತು ನೋಡಿ. ಬೇಗ ಕೆಳಗಿಳಿದರೆ ಸಿಲಿಂಡರಿನ ಸೀಲು ಇಲ್ಲವೇ ವಾಲ್ವು ಸೋರುತ್ತಿದೆ. ಇಂಜಿನ್ ಓಡುವಾಗ ಇದೇ ಸೋರಿಕೆಯಿಂದ ಲಿಫ್ಟ್ ತೂಕಡಿಸುವವರ ತಲೆಯಂತೆ ಇಳಿದು ಏಳುತ್ತೆ. ಇಳಿಯದೆ ನಿಂತು, ಏಳೋದಷ್ಟೇ ನಿಧಾನವಾದರೆ ಪಂಪಿನ ಕಡೆ ಹುಡುಕಿ. ಉಳುವಾಗ ಮಾತ್ರ ಏರಿಳಿದರೆ ಅದು ರೋಗವೇ ಅಲ್ಲದಿರಬಹುದು. ಡ್ರಾಫ್ಟ್ ಕಂಟ್ರೋಲ್ ನೆಲದ ಬಿಗಿ ಅರಿತು ತಾನೇ ಎತ್ತಿ ಇಳಿಸುತ್ತೆ. ಇದು ತಿಳಿಯದೆ ಲಿಫ್ಟ್ ಬಿಚ್ಚಿಸಿದವರನ್ನೂ ನಾವು ಕಂಡಿದ್ದೇವೆ!

ಹುಡುಗರಿಗೆ ಒಂದು ಮಾತು. ಎತ್ತಿ ನಿಲ್ಲಿಸಿದ ಕಲ್ಟಿವೇಟರಿನ ಕೆಳಗೆ ತಲೆ ಹಾಕಬೇಡಿ. ಪೈಪಿನ ಸೋರಿಕೆ ಹುಡುಕಲು ಬೆರಳಿಡದೆ ರಟ್ಟು ಹಿಡಿಯಿರಿ. ಆ ಒತ್ತಡದಲ್ಲಿ ಚಿಮ್ಮುವ ಎಣ್ಣೆ ಸೂಜಿಯಂತೆ ಚರ್ಮದೊಳಕ್ಕೆ ನುಗ್ಗುತ್ತೆ. ನುಗ್ಗಿದರೆ, ನೋವಿಲ್ಲದಿದ್ದರೂ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಸೀಳಿದ ಓ-ರಿಂಗನ್ನು ಕಚೇರಿಯ ಗೋಡೆಗೆ ನೇತುಹಾಕಿದ್ದೇವೆ. ಹಳೆಯ ಪಂಪ್ ಗೋದಾಮಿನಲ್ಲಿದೆ, ಚೆನ್ನಾಗಿಯೇ ಇದೆ. ಅದೇ ಮಾದರಿಯದು ಬೇಕಾದವರು ಕಾರ್ಯದರ್ಶಿಗಳನ್ನು ಕಾಣಬಹುದು.